ಖಾಲಿ ಕೊಳದ ರಿವರ್ಬ್

ರೂಮಿನ ಬಾಗಿಲಿಗೆ ಇನ್ನೊಂದು ಒದೆ ಬಿತ್ತು.

ಚಿಲಕದ ಸ್ಕ್ರೂ ಹಾರಿ ನನ್ನ ಕಾಲಬುಡಕ್ಕೆ ಬಂತು. ಹೊರಗೆ ಇಬ್ಬರು ಗೂಂಡಾಗಳು. ಒಳಗೆ ನಾನು, ಒಂದು ಹಳೇ ಲ್ಯಾಪ್‌ಟಾಪ್, ಅದರ ಮುಂದೆ ಹೆಡ್‌ಫೋನ್ ಹಾಕಿ ಕೂತ ಒಬ್ಬ ಈಜು ಟೀಚರ್.

"ಒಂದ್ನಿಮಿಷ. ಈ ಎರಡನೇದನ್ನ ಇನ್ನೊಂದ್ಸಲ ಕೇಳಿಬಿಡ್ತೀನಿ," ಅಂದಳು.

"ಬಾಗಿಲು ಮುರೀತಿದೆ ಟೀಚರ್."

"ಟ್ರಯಲ್ ಇವತ್ತಿಗೆ ಮುಗಿಯತ್ತೆ ಕಣ್ರೀ."

ನಗಬೇಡಿ. ಆಗ ನನಗೂ ನಗು ಬಂದಿರಲಿಲ್ಲ.

ಹಾಲ್‌ನಿಂದ ಅವಳ ಅತ್ತೆಯ ದನಿ ಕೇಳಿಸಿತು. "ಒದೀಬೇಡ್ರೋ! ಮೊನ್ನೆ ತಾನೆ ಬಣ್ಣ ಹೊಡೆಸಿದೀವಿ!"

ಆ ಬೆಳಗ್ಗೆವರೆಗೂ ರಿವರ್ಬ್ ಎಂದರೆ ತಿನ್ನುವುದೋ ಕುಡಿಯುವುದೋ ನನಗೆ ಗೊತ್ತಿರಲಿಲ್ಲ. ನನ್ನ ಕೆಲಸವೇ ಬೇರೆ. ಕಳೆದುಹೋದದ್ದನ್ನು ಹುಡುಕಿ ಕೊಡುತ್ತೇನೆ. ಒಡವೆ, ಗಂಡ, ಮರ್ಯಾದೆ... ಕೊನೆಯದು ಸಿಗುವುದು ಅಪರೂಪ.

ಬೆಳಗ್ಗೆ ನನ್ನನ್ನು ಕರೆಸಿದವನು ಒಬ್ಬ ಸ್ಟುಡಿಯೋ ಯಜಮಾನ. ಮೆತ್ತನೆ ಕುರ್ಚಿ, ಮೆತ್ತನೆ ಮಾತು. ಅವನ ಹೊಸ ಹಾಡನ್ನು ಯಾರೋ ಒಬ್ಬ ಈಜು ಟೀಚರ್ ಕದ್ದಿದ್ದಾಳಂತೆ. ಸಂಜೆಗೆ ಮ್ಯೂಸಿಕ್ ಕಂಪನಿಯ ಮೇಡಂ ಬಂದು ಆ ಹಾಡಿಗೆ ಸಹಿ ಹಾಕುವವರಿದ್ದರಂತೆ.

"ಅವಳ ಲ್ಯಾಪ್‌ಟಾಪ್ ತಂದ್ಕೊಡಿ. ಸಾಕು."

"ಹಾಡು ಅದರಲ್ಲಿದ್ಯಾ ಅಂತ ನೋಡ್ಲಾ?"

"ತೆಗೀಬೇಡಿ. ತಂದ್ಕೊಡಿ ಅಷ್ಟೇ."

ನನ್ನ ಕಿವಿ ನೆಟ್ಟಗಾಗಿದ್ದೇ ಅಲ್ಲಿ. ಕಳೆದುಕೊಂಡವನು ಮೊದಲು ತೆಗೆದು ನೋಡಿ ಅನ್ನುತ್ತಾನೆ. ತೆಗೀಬೇಡಿ ಅನ್ನುವವನಿಗೆ ಒಳಗೇನಿದೆ ಅಂತ ಚೆನ್ನಾಗಿ ಗೊತ್ತಿರುತ್ತದೆ. ಆದರೂ ಹೋದೆ. ಕುತೂಹಲ ನನಗೆ ಹುಟ್ಟಿದಾಗಿನಿಂದ ಅಂಟಿದ ಕಾಯಿಲೆ.

ಬಾಗಿಲು ತೆರೆದವಳು ನಾನು ಯಾರು ಅಂತ ಕೇಳಲಿಲ್ಲ. "ಬನ್ನಿ, ಕೂತ್ಕೊಳ್ಳಿ, ಕೇಳಿ," ಎಂದು ಹೆಡ್‌ಫೋನ್ ನನ್ನ ತಲೆಗೇರಿಸಿಬಿಟ್ಟಳು. ಮನೆಗೆ ಬಂದವರಿಗೆಲ್ಲ ಇದೇ ಪಾಡಂತೆ. ಮೀಟರ್ ನೋಡಲು ಬಂದವನೂ ಅರ್ಧ ಗಂಟೆ ಸಿಕ್ಕಿಬಿದ್ದಿದ್ದನಂತೆ. ಚಿಕ್ಕ ರೂಮು. ಗೋಡೆ ತುಂಬ ದಪ್ಪ ಹೊದಿಕೆಗಳು, ಎಲ್ಲವೂ ಅತ್ತೆಯವು.

"ನನಗೆ ಹೊದೆಯೋಕೆ ಒಂದಿಲ್ಲ, ಗೋಡೆಗೆ ನಾಲ್ಕು," ಅಂತ ಅತ್ತೆ ನನಗೆ ಹೇಳಿ ಹೋದರು.

"ಒಂದೇ ಹಾಡು. ರಿವರ್ಬ್ ಬೇರೆ ಬೇರೆ. ಯಾವುದು ಚೆನ್ನಾಗಿದೆ ಹೇಳಿ," ಅಂದಳು ಟೀಚರ್.

ಬಚ್ಚಲುಮನೆಯಲ್ಲಿ ಹಾಡಿದರೆ ನಿಮ್ಮ ದನಿ ನಿಮಗೇ ಚೆಂದ ಅನ್ನಿಸುತ್ತದಲ್ಲ... ಅದೇ ರಿವರ್ಬ್. ಆ ಬಚ್ಚಲುಮನೆಯನ್ನು ಕಂಪ್ಯೂಟರಿಗೆ ತುಂಬುವುದು ಪ್ಲಗಿನ್. ಇಷ್ಟೇ ನನಗೆ ಅರ್ಥವಾಗಿದ್ದು.

ಮೊದಲನೆಯದು ಫ್ರೀ ಪ್ಲಗಿನ್. ಡಬ್ಬದೊಳಗೆ ತಲೆಯಿಟ್ಟು ಹಾಡಿದ ಹಾಗಿತ್ತು. ಎರಡನೆಯದು ಕಡಿಮೆ ಬೆಲೆಯದು, ಕೊಳ್ಳುವ ಮೊದಲು ಕೆಲವು ದಿನ ಪುಕ್ಕಟೆ ಟ್ರಯಲ್‌ನಲ್ಲಿತ್ತು. ಪರವಾಗಿಲ್ಲ, ಆದರೆ ಯಾರೋ ಇಸ್ತ್ರಿ ಮಾಡಿಟ್ಟ ಹಾಗೆ ನಯ. ಮೂರನೆಯದು ಬಂತು ನೋಡಿ... ಹೆಣ್ಣು ದನಿ, ಜೊತೆಗೆ ಬರೀ ಚಪ್ಪಾಳೆ. 'ಕೈ ಬಿಡು, ನೀರು ಹಿಡಿಯುತ್ತೆ' ಅಂತ ಸಾಲು. ಪ್ರತಿ ಚಪ್ಪಾಳೆಯ ಹಿಂದೆ ದೂರದಿಂದ ಇನ್ನೊಂದು ಸಣ್ಣ ಸದ್ದು ಬರುತ್ತಿತ್ತು. ಟಪ್... ಠಣ್. ಯಾರೋ ಉತ್ತರ ಕೊಟ್ಟ ಹಾಗೆ. ನನ್ನ ಮೈ ಜುಮ್ಮೆಂದಿತು.

"ಮೂರನೇದು," ಅಂದೆ.

"ಅದು ನಂದು," ಅಂದಳು. ಮುಖ ಅರಳಿತು.

ಆಗ ಕತೆಯೆಲ್ಲ ಹೊರಬಂತು. ಒಳ್ಳೇ ರಿವರ್ಬ್ ಕೊಳ್ಳುವಷ್ಟು ಅನುಕೂಲವಿಲ್ಲ. ಹಾಗಾಗಿ ತಾನೇ ಒಂದು ಮಾಡಿಕೊಂಡಳು. ಅವಳು ಕಲಿಸುವ ಈಜುಕೊಳವನ್ನು ತೊಳೆಯಲು ಖಾಲಿ ಮಾಡಿದ್ದ ದಿನ ತಳಕ್ಕಿಳಿದು, ಮೈಕ್ ಇಟ್ಟು, ಬಲೂನ್ ಒಡೆದಳು. ಆ ಸದ್ದನ್ನು ಒಂದು ಫ್ರೀ ಪ್ಲಗಿನ್‌ಗೆ ತುಂಬಿದರೆ, ಯಾವ ದನಿ ಹಾಕಿದರೂ ಅದು ಖಾಲಿ ಕೊಳದಲ್ಲೇ ಹಾಡಿದಂತೆ ಕೇಳುತ್ತದೆ.

"ಬಲೂನ್ ಒಡೆದ ತಕ್ಷಣ ಕೊಳ ತೊಳೆಯೋ ಆಯಾ ತಗಡಿನ ಬಕೆಟ್ ಬೀಳಿಸಿದ್ರು. ಅದೂ ರೆಕಾರ್ಡ್ ಆಯ್ತು. ಅದನ್ನ ಕತ್ತರಿಸಬೇಕಂತೆ. ನನಗೆ ಗೊತ್ತಿರ್ಲಿಲ್ಲ. ಗೊತ್ತಾಗೋ ಹೊತ್ತಿಗೆ ಹಾಡು ಮುಗಿದಿತ್ತು."

ಬಲೂನ್ ಮೊದಲ ಏಟು, ಬಕೆಟ್ ಎರಡನೇ ಏಟು. ಅದಕ್ಕೇ ಹಾಡಿನಲ್ಲಿ ಪ್ರತಿ ಸದ್ದಿಗೂ ಹಿಂದಿನಿಂದ ಒಂದು ಠಣ್.

"ಮತ್ತೆ ಬೇರೆ ರಿವರ್ಬ್ ಯಾಕೆ ಹುಡುಕ್ತಿದೀರಿ?"

"ತಪ್ಪಲ್ವಾ ಅದು? ಜನ ನಗಲ್ವಾ? ಅದಕ್ಕೇ ಸ್ಟುಡಿಯೋ ಯಜಮಾನರಿಗೆ ಹಾಡು ಕಳಿಸಿ, ಕಡಿಮೆ ಬೆಲೇಲಿ ಯಾವ ರಿವರ್ಬ್ ತಗೊಳ್ಳಲಿ ಅಂತ ಕೇಳಿದೆ."

"ಏನಂದ?"

"ಏನೂ ಬೇಡ, ಹೀಗೇ ಚೆನ್ನಾಗಿದೆ ತಂಗಿ, ಅಂದ್ರು."

ತಂಗಿ ಅಂತೆ! ಆ ಹಾಡನ್ನೇ ಸಂಜೆ ತನ್ನದೆಂದು ಮಾರಲು ಕೂತಿದ್ದ. ಅವಳ ಮೇಲೆ ಕಳ್ಳತನದ ಆರೋಪ ಬೇರೆ. ಹಾಡಿನ ಫೈಲ್ ಇಬ್ಬರ ಹತ್ತಿರವೂ ಇತ್ತು. ಬಲೂನಿನ ರೆಕಾರ್ಡಿಂಗ್ ಮಾತ್ರ ಈ ಲ್ಯಾಪ್‌ಟಾಪ್‌ನಲ್ಲಿ. ಅದು ಹೋದರೆ ಹಾಡೂ ಹೋಯಿತು, ಮೇಲೆ ಕಳ್ಳಿ ಎಂಬ ಹೆಸರು.

ಇದನ್ನು ನಾನು ಅವಳಿಗೆ ಹೇಳುತ್ತಿದ್ದಾಗಲೇ ಒದೆ ಶುರುವಾಗಿದ್ದು. ಯಜಮಾನನಿಗೆ ನನ್ನ ಮೇಲೆ ನಂಬಿಕೆಯಿರಲಿಲ್ಲ, ಹಿಂದೆಯೇ ಇವರನ್ನೂ ಕಳಿಸಿದ್ದ. ಬುದ್ಧಿವಂತ.

ಹೆಡ್‌ಫೋನ್ ವೈರ್ ಕಿತ್ತೆ, ಲ್ಯಾಪ್‌ಟಾಪ್ ಕಂಕುಳಿಗೇರಿಸಿದೆ. ಕಿಟಕಿ ತೆರೆದೆ. ಪಕ್ಕದ ಮನೆಯ ಬಾಲ್ಕನಿಗೆ ಒಂದು ಹೆಜ್ಜೆ, ಕೆಳಗೆ ಎರಡು ಮಹಡಿ.

"ಹಾರಿ."

"ಚಪ್ಪಲಿ..."

"ಹಾರ್ರೀ!"

ಹಾರಿದಳು. ನಾನೂ ಹಾರಿದೆ. ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಕ್ಲಿಪ್ ಬಾಯಲ್ಲಿಟ್ಟುಕೊಂಡೇ ನಮಗೆ ದಾರಿ ಬಿಟ್ಟಳು. ಮೆಟ್ಟಿಲು, ಗಲ್ಲಿ, ಸೈಕಲ್ ಅಂಗಡಿ... ಹಿಂದಿನಿಂದ ಬೂಟಿನ ಸದ್ದು. ಒಬ್ಬ ಗಡ್ಡದವನು, ಒಬ್ಬ ಕುಳ್ಳ.

"ಎಲ್ಲಿಗೆ?" ಅಂದೆ.

"ಪೂಲ್‌ಗೆ. ಹಿಂದಿನ ಗೇಟಿನ ಕೀ ನನ್ನ ಹತ್ರ ಇದೆ."

ಗೇಟು ತೆರೆಯಿತು. ಮುಚ್ಚುವಷ್ಟರಲ್ಲಿ ಗಡ್ಡದವನ ಕಾಲು ಒಳಗಿತ್ತು. ಕೊಳದ ಅಂಚಿನಲ್ಲಿ ನನ್ನ ಕಾಲರ್ ಹಿಡಿದ. ಮೊಣಕೈಯಿಂದ ಒಂದು ಕೊಟ್ಟೆ. ಅವನು ಕಾಲರ್ ಬಿಟ್ಟು ಲ್ಯಾಪ್‌ಟಾಪ್ ಹಿಡಿದ, ಬಿಡಲಿಲ್ಲ. ನಾನೂ ಬಿಡಲಿಲ್ಲ. ಒದ್ದೆ ಟೈಲ್ಸ್ ನಮ್ಮಿಬ್ಬರ ಕಾಲನ್ನೂ ಜಾರಿಸಿಬಿಟ್ಟಿತು.

ನಾನು ಬಿದ್ದದ್ದು ದಡದ ಮೇಲೆ. ಅವನು ಬಿದ್ದದ್ದು ಆಳದ ಕಡೆ, ಲ್ಯಾಪ್‌ಟಾಪ್ ಸಮೇತ.

ಈಜು ಬರುವುದಿಲ್ಲ ಅಂತ ಅವನ ಕೈಕಾಲು ನೋಡಿದರೇ ತಿಳಿಯುತ್ತಿತ್ತು. ಕುಳ್ಳ ಒಮ್ಮೆ ನೋಡಿದ, ಓಡಿಹೋದ.

ಟೀಚರ್ ಧುಮುಕಿದಳು. ನೀರೊಳಗೆ ಒಂದು ಕಡೆ ಲ್ಯಾಪ್‌ಟಾಪ್ ನಿಧಾನಕ್ಕೆ ಮುಳುಗುತ್ತಿದೆ. ಇನ್ನೊಂದು ಕಡೆ ಗಡ್ಡದವನು. ಅವಳು ಲ್ಯಾಪ್‌ಟಾಪ್ ಕಡೆ ತಿರುಗಿ ಸಹ ನೋಡಲಿಲ್ಲ. ಹಿಂದಿನಿಂದ ಹೋಗಿ ಅವನ ಗದ್ದ ಹಿಡಿದಳು. ಅವನು ಅವಳ ಕುತ್ತಿಗೆಗೇ ಜೋತುಬಿದ್ದ.

"ಕೈ ಬಿಡಿ ಅಣ್ಣ. ಕೈ ಬಿಡಿ. ನೀರು ಹಿಡಿಯುತ್ತೆ."

ಅವನು ಬಿಟ್ಟ. ತೇಲಿದ.

ಆ ಹಾಡು ಯಾರದು ಅಂತ ನನಗೆ ಆಮೇಲೆ ಸಾಕ್ಷಿ ಬೇಕಾಗಲಿಲ್ಲ. ಆದರೆ ಲೋಕಕ್ಕೆ ಬೇಕಲ್ಲ.

ಮೇಲೆ ತಂದ ಲ್ಯಾಪ್‌ಟಾಪ್‌ನಿಂದ ನೀರು ಸುರಿಯುತ್ತಿತ್ತು. ಬಟನ್ ಒತ್ತಿದೆವು. ಸತ್ತಿತ್ತು. ಟೀಚರ್ ಅದನ್ನು ಟವೆಲ್‌ನಲ್ಲಿ ಒರೆಸುತ್ತಲೇ ಇದ್ದಳು. ಅಳಲಿಲ್ಲ. ಒರೆಸುವುದನ್ನು ನಿಲ್ಲಿಸಲಿಲ್ಲ, ಅಷ್ಟೇ.

ಗಡ್ಡದವನು ಕೆಮ್ಮಿ ಕೆಮ್ಮಿ ಎದ್ದು ಕೂತ. "ಸ್ಟುಡಿಯೋಗೆ ಹೋಗ್ಬೇಕಾ?" ಅಂತ ಕೇಳಿದ. "ನನ್ನ ಜೀಪ್ ಇದೆ."

ಸಂಜೆ ಸ್ಟುಡಿಯೋ ಬಾಗಿಲು ತಳ್ಳಿದಾಗ ಕಂಪನಿ ಮೇಡಂ ಕೈಯಲ್ಲಿ ಪೆನ್ನಿತ್ತು. ಗಿಡ್ಡ ಕೂದಲು, ದಣಿದ ಕಣ್ಣು, ಯಾರಿಗೂ ಬಗ್ಗದ ಕುತ್ತಿಗೆ. ಸ್ಪೀಕರಿನಲ್ಲಿ ಅದೇ ಹಾಡು.

ಯಜಮಾನ ಎದ್ದ. ತನ್ನ ಗಡ್ಡದವನೇ ನಮ್ಮ ಜೊತೆ ಒದ್ದೆಯಾಗಿ ನಿಂತಿದ್ದನ್ನು ನೋಡಿ ಮುಖ ಇಂಗು ತಿಂದ ಮಂಗನ ಹಾಗಾಯಿತು.

"ಈ ಹಾಡು ಟೀಚರ್‌ದು. ನಿಮ್ಮದಾದ್ರೆ ಹೇಳಿ, ಆ ಠಣ್ ಅನ್ನೋದು ಏನು?" ನಾನು ಕೇಳಿದೆ.

"ನನ್ನ ಹಾಲ್‌ನ ಸಹಜ ಪ್ರತಿಧ್ವನಿ," ಅಂದ.

"ಚಪ್ಪಾಳೆ ತಟ್ಟಿ."

"ಏನು?"

"ಹಾಲ್ ಇಲ್ಲೇ ಇದೆಯಲ್ಲ. ತಟ್ಟಿ."

ಮೇಡಂ ಪೆನ್ನು ಕೆಳಗಿಟ್ಟರು. ಯಜಮಾನ ತಟ್ಟಿದ. ಟಪ್... ಸದ್ದು ನುಣ್ಣಗೆ ಕರಗಿಹೋಯಿತು. ಇನ್ನೊಮ್ಮೆ ತಟ್ಟಿದ. ಅದೇ ಕತೆ.

"ಹಾಂ, ಮರೆತಿದ್ದೆ. ಪ್ಲಗಿನ್ ಹಾಕಿದ್ದೆ."

"ಯಾವುದು?"

ಅವನ ಹತ್ತಿರ ಇಲ್ಲದ ರಿವರ್ಬ್ ಇರಲಿಲ್ಲ. ಒಂದೊಂದೇ ತೆರೆದ. ದೊಡ್ಡ ಹಾಲ್, ಚಿಕ್ಕ ಹಾಲ್, ಗುಹೆ, ಸುರಂಗ... ಎಲ್ಲವೂ ದುಬಾರಿ, ಎಲ್ಲವೂ ಚೆಂದ. ಒಂದರಲ್ಲೂ ಆ ಠಣ್ ಇಲ್ಲ. ಎಕೋ ಹಾಕಿದ. ಟಪ್ ಹಿಂದೆ ಇನ್ನೊಂದು ಟಪ್ ಬಂತು. ತಗಡಿನ ಸದ್ದು ಬರಲಿಲ್ಲ. ಏಸಿ ರೂಮಿನಲ್ಲಿ ಅವನ ಶರ್ಟು ಬೆನ್ನಿಗೆ ಅಂಟಿತು.

"ನಿಮ್ಮದು ಯಾವ ರಿವರ್ಬ್?" ಮೇಡಂ ಟೀಚರನ್ನು ಕೇಳಿದರು.

"ಖಾಲಿ ಪೂಲು, ಬಲೂನು, ಆಮೇಲೆ ಒಂದು ಬಕೆಟ್ಟು," ಅಂದಳು. ನಾಚಿಕೆಯಿಂದ ಹೇಳಿದಳು. ಅವಳಿಗದು ಇನ್ನೂ ತಪ್ಪೇ.

ಯಜಮಾನ ನಕ್ಕ. "ಇದನ್ನೂ ನಂಬ್ತೀರಾ ಮೇಡಂ?"

"ನಂಬೋದಿಲ್ಲ. ಕೇಳಿ ನೋಡ್ತೀನಿ. ಪೂಲ್ ಖಾಲಿ ಇದ್ಯಾ?"

"ತುಂಬಿದೆ," ಅಂದಳು ಟೀಚರ್. ಗೇಟಿನ ಕೀ ಮುಷ್ಟಿಯಲ್ಲಿ ಹಿಡಿದಳು. "ಬೆಳಗ್ಗೆ ಬನ್ನಿ. ಖಾಲಿಯಾಗಿರತ್ತೆ."

ಆ ರಾತ್ರಿ ಪೂಲ್‌ಗೆ ಹೋಗಿ, ಯಾರನ್ನೂ ಕೇಳದೆ ವಾಲ್ವ್ ತಿರುಗಿಸಿದಳು. ಅಷ್ಟೂ ನೀರು ಚರಂಡಿಗೆ.

ಬೆಳಗ್ಗೆ ನಾವೆಲ್ಲ ಕೊಳದ ತಳದಲ್ಲಿದ್ದೆವು. ನೀಲಿ ಟೈಲ್ಸ್ ಮೇಲೆ ಮೇಡಂ, ಅವರ ಲ್ಯಾಪ್‌ಟಾಪ್, ಮೈಕ್. ಯಜಮಾನ ಬಂದಿರಲಿಲ್ಲ. ಪೂಲ್ ಮ್ಯಾನೇಜರ್‌ಗೆ ಫೋನ್ ಮಾತ್ರ ಮಾಡಿದ್ದ. ಮ್ಯಾನೇಜರ್ ಮೇಲಿನಿಂದ ಕೂಗುತ್ತಾ ಬಂದರು.

"ಯಾರನ್ನ ಕೇಳಿ ನೀರು ಬಿಟ್ಟೆ? ಇವತ್ತಿಂದ ಕೆಲಸಕ್ಕೆ ಬರಬೇಡ!"

"ಸರಿ ಸರ್. ಸ್ವಲ್ಪ ಸುಮ್ಮನಿರಿ, ರೆಕಾರ್ಡಿಂಗ್ ನಡೀತಿದೆ," ಅಂದಳು ಟೀಚರ್.

ಅವರು ಸುಮ್ಮನಾದರು. ಯಾಕೆ ಅಂತ ಅವರಿಗೂ ಗೊತ್ತಿಲ್ಲ.

ಗಡ್ಡದವನು ಬಕೆಟ್ ಹಿಡಿದು ಏಣಿಯ ಹತ್ತಿರ ನಿಂತಿದ್ದ. ಟೀಚರ್ ಬಲೂನಿಗೆ ಪಿನ್ ಚುಚ್ಚಿದಳು. ಕೊಳ ಗುಡುಗಿತು. ಆ ಗುಡುಗು ತೆಳುವಾಗುತ್ತಿದ್ದ ಹಾಗೆ ಅವಳು ತಲೆಯಾಡಿಸಿದಳು. ಅವನು ಬಕೆಟ್ ಬಿಟ್ಟ.

ಮೇಡಂ ಆ ಸದ್ದನ್ನು ಪ್ಲಗಿನ್‌ಗೆ ತುಂಬಿದರು. ಮೈಕ್ ನನ್ನ ಮುಂದೆ ಹಿಡಿದರು. ನಾನು ಒಂದು ಚಪ್ಪಾಳೆ ತಟ್ಟಿದೆ.

ಟಪ್... ಠಣ್.

ಹಾಡಿನಲ್ಲಿದ್ದ ಅದೇ ಸದ್ದು. ಮೇಡಂ ಮೂರು ಸಲ ಕೇಳಿದರು. ಹೆಡ್‌ಫೋನ್ ತೆಗೆದು ಟೀಚರ್ ಕೈ ಕುಲುಕಿದರು. "ಹಾಡು ನಿಮ್ಮದು. ಯಜಮಾನರ ಕಾಗದ ನಾನು ಹರಿದು ಹಾಕ್ತೀನಿ."

ಟೀಚರ್ ಆಗ ಅತ್ತಳು. ಖಾಲಿ ಕೊಳದಲ್ಲಿ ಬಿಕ್ಕಳಿಸಿದರೆ ಹತ್ತು ಜನ ಬಿಕ್ಕಳಿಸಿದ ಹಾಗೆ ಕೇಳುತ್ತದೆ. ಗಡ್ಡದವನೂ ಕಣ್ಣೊರೆಸಿಕೊಂಡ. ನಾನು ಟೈಲ್ಸ್ ನೋಡುತ್ತಾ ನಿಂತೆ.

ಮೊನ್ನೆ ಬಸ್ಸಿನಲ್ಲಿ ಆ ಹಾಡು ಬಂತು. ಅವಳ ಹೆಸರಲ್ಲೇ. ಕಿವಿಗೊಟ್ಟು ಕೇಳಿದೆ. ಕಂಪನಿಯವರು ದೊಡ್ಡ ಸೌಂಡ್ ಇಂಜಿನಿಯರ್‌ನ ಹಿಡಿದು, ದುಬಾರಿ ರಿವರ್ಬ್ ಹಾಕಿಸಿ ಮತ್ತೆ ಮಿಕ್ಸ್ ಮಾಡಿಸಿದ್ದರು. ಠಣ್ ಅನ್ನುವ ಆ ತಪ್ಪನ್ನು ಪೂರ್ತಿ ಒರೆಸಿಹಾಕಿದ್ದರು. ತುಂಬಾ ಚೆನ್ನಾಗಿತ್ತು.

ಈಗ ಅದನ್ನು ಯಾರು ಬೇಕಾದರೂ ಕದಿಯಬಹುದು.