ಎರಡೂ ಬಾಕ್ಸ್ ಬೇಕು

ಒಂದೇ ಸಾಕು ಅಂದುಬಿಡಲೇ...?

ಹಾಗಂದರೆ ಪಕ್ಕದಲ್ಲಿ ನಿಂತಿರುವ ಅವ್ವನಿಗೆ ಸಮಾಧಾನ. ಕೈಯಲ್ಲಿ ನಾಲ್ಕು ಕಾಸು ಉಳಿದೀತು. ಆದರೆ ಯಾರ ಸಮಾಧಾನಕ್ಕೆ ತಾನು ಹಾಡು ಕೇಳಬೇಕು? ಇಲ್ಲಿಯೂ ತಲೆ ಬಗ್ಗಿಸಿದರೆ ಇನ್ನು ತಲೆ ಎತ್ತುವುದು ಎಲ್ಲಿ?

ಬೊಮ್ಮಕ್ಕ ಗಾಜಿನ ಕೌಂಟರಿನ ಮೇಲೆ ಕೈಯೂರಿದಳು.

"ಜೋಡಿ ಸ್ಪೀಕರ್ ಬಾಕ್ಸ್ ತೋರಿಸ್ರಿ. ಪುಸ್ತಕದ ಕಪಾಟಿನ ಮೇಲೆ ಕೂರೋವು. ಆಳೆತ್ತರದ್ದು ಬ್ಯಾಡ."

ರೇಡಿಯೋ ಬಿಚ್ಚಿಕೊಂಡು ಕುಳಿತಿದ್ದ ಅಂಗಡಿಯವನು ತಲೆ ಎತ್ತಿದ. ಎತ್ತಿದವನು ಹಾಗೇ ಉಳಿದ.

"ನೀವು... ಟೆಲಿಫೋನ್ ಎಕ್ಸ್‌ಚೇಂಜಿನವರಲ್ವಾ?"

"ಹೆಂಗೆ ಗೊತ್ತು?"

"ದನಿ."

ಅವಳಿಗೂ ಆ ದನಿಯ ಗುರುತು ಹತ್ತಿತು. ಹಿರಿಯೂರಿನಿಂದ ಬೇರೆ ಊರಿಗೆ ಮಾತಾಡಬೇಕೆಂದರೆ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದ ಕಾಲ ಅದು. ಬೊಮ್ಮಕ್ಕ ಅಲ್ಲಿ ಆಪರೇಟರ್.

"ಓ! ದಾವಣಗೆರೆಗೆ ಕಾಲ್ ಬುಕ್ ಮಾಡ್ತಾನೇ ಇರ್ತೀರಿ, ಅವರು ಎತ್ತೋದೇ ಇಲ್ವಲ್ಲ, ಆ ರೇಡಿಯೋ ಅಂಗಡಿ ನಿಮ್ದಾ?"

ಅಂಗಡಿಯ ಚಿತ್ರಲಿಂಗಪ್ಪನ ಕಿವಿ ಕೆಂಪಾದವು. ಬಾಕ್ಸುಗಳನ್ನು ಇಳಿಸತೊಡಗಿದ.

"ಇದ್ರಾಗೆ ಹಾಡಿನ ಜೊತೆ ದೀಪ ಕುಣಿತವೆ."

"ನಂಗೆ ಕೇಳಾಕೆ ಬೇಕು, ನೋಡಾಕಲ್ಲ."

"ಇದು ಕಂಪನಿದು." ಬೆಲೆ ಹೇಳಿದ. ಅವಳು ಹುಬ್ಬು ಹಾರಿಸಿದಳು. ಅವನೇ ಅದನ್ನು ಮೇಲಕ್ಕಿಟ್ಟ.

ಕೊನೆಗೆ ಮೂಲೆಯಿಂದ ಒಂದು ಜೋಡಿ ತಂದ. ಪ್ಲೈವುಡ್ಡಿನವು, ಅವನೇ ಕೂಡಿಸಿದವು. ಬೊಮ್ಮಕ್ಕ ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದಳು. ಡಬ್ಬದ ಸದ್ದಿಲ್ಲ. ಚೀಲದಿಂದ ತನ್ನದೇ ಕ್ಯಾಸೆಟ್ ತೆಗೆದು ಹಾಕಿಸಿದಳು. ಕುರಿಗಾಹಿಗಳ ಹಾಡು. ಒಂದು ಬಾಕ್ಸಿನಲ್ಲಿ ಡೊಳ್ಳು, ಇನ್ನೊಂದರಲ್ಲಿ ಹಾಡುವವಳ ಕೊರಳು. ಅವಳು ಅದರ ಹತ್ತಿರ ಹೋಗಿ ನಿಂತಳು, ಇದರ ಹತ್ತಿರ ಬಂದು ನಿಂತಳು. ಮುಖ ಅರಳಿತು.

"ಇದೇ ಇರ್ಲಿ."

"ಲೇ ಬೊಮ್ಮಿ!" ಅವ್ವ ಕಾಳಕ್ಕನಿಗೆ ಇನ್ನು ತಡೆಯಲಾಗಲಿಲ್ಲ. "ಏನಪ್ಪ, ಒಂದೇ ಕೊಡು ಸಾಕು. ನಮ್ಮ ಹುಡ್ಗಿಗೆ ಎಡಗಿವಿ ಕೇಳಲ್ಲ. ಸಣ್ಣದ್ರಾಗೆ ಕಿವಿ ಸೋರಿ ಹೋತು. ಇರೋ ಒಂದು ಕಿವಿಗೆ ಎರಡು ಬಾಕ್ಸ್ ಯಾತಕ್ಕೆ ಹೇಳು?"



ಬೊಮ್ಮಕ್ಕ ಹಲ್ಲು ಕಚ್ಚಿದಳು. ಶ್ರೀರಾಂಪುರದಿಂದ ಹೆಣ್ಣು ನೋಡಲು ಬಂದವರೂ ಉಪ್ಪಿಟ್ಟು ತಿಂದು ಇದನ್ನೇ ಹೇಳಿದ್ದರು. "ನಮ್ಮ ಹುಡ್ಗ ಬ್ಯಾಡ, ಎರಡನೇ ಸಂಬಂಧದವರು ಒಬ್ರು ಅವ್ರೆ, ನಿಮ್ಮ ಹುಡ್ಗಿಗೆ ಸಾಕು." ಎಕ್ಸ್‌ಚೇಂಜಿನಲ್ಲಿಯೂ ಅದೇ ನಗೆಚಾಟಿಕೆ. "ಹೆಡ್‌ಫೋನ್ ಇರೋದೇ ಒಂದು ಕಿವಿಗೆ, ನಿಂಗೆ ಸಾಕಲ್ಲಮ್ಮ!"

ಸಾಕು, ಸಾಕು, ಸಾಕು... ಅವಳ ಪಾಲಿಗೆ ಎಷ್ಟು ಸಾಕೆಂದು ಊರಿಗೆಲ್ಲ ಗೊತ್ತು!

ಈಗ ಇವನೂ ಹೇಳುತ್ತಾನೆ. ಹೇಳಲಿ.

ಚಿತ್ರಲಿಂಗಪ್ಪ ಏನೂ ಹೇಳಲಿಲ್ಲ. ಎರಡೂ ಬಾಕ್ಸುಗಳನ್ನು ಒರೆಸಿ ಕಟ್ಟಿದ.

"ಸಂಜೆ ಬಂದು ಕೂರಿಸಿ ಕೊಡ್ತೀನಿ."

ಆ ಮೌನ ಅವಳಿಗೆ ಎಷ್ಟು ಹಿತವಾಗಿತ್ತೆಂದರೆ, ದಾರಿಯುದ್ದಕ್ಕೂ ಅವ್ವ ಬೈದದ್ದು ಬಲಗಿವಿಗೂ ಬೀಳಲಿಲ್ಲ.

ಸಂಜೆ ಬಂದ. ಕಪಾಟು ಅದುರದಂತೆ ಕಾಳಕ್ಕ ಹರಿಯಬ್ಬೆ ಊರಿನಿಂದ ತಂದ ಹಳೇ ಕಂಬಳಿಯ ತುಂಡು ಮಡಚಿ ಕೊಟ್ಟಳು. ಅದನ್ನು ಬಾಕ್ಸಿನ ಕೆಳಗೆ ಹಾಸಿ, ಮನೆಯಲ್ಲಿದ್ದ ಟೇಪಿನ ಆಂಪ್ಲಿಫೈಯರ್ ಹಿಂದೆ ಬಗ್ಗಿ ತುಂಬ ಹೊತ್ತು ತಂತಿ ಜೋಡಿಸಿದ. ಚಹಾ ಕುಡಿದ. ಅವಳ ಬಲಗಡೆಗೇ ನಿಂತು "ಬರ್ತೀನ್ರಿ" ಅಂದು ಹೋದ.

ಬಲಗಡೆಗೇ! ಬೊಮ್ಮಕ್ಕ ಒಬ್ಬಳೇ ನಕ್ಕಳು. ಕ್ಯಾಸೆಟ್ ಹಾಕಿ ಡೊಳ್ಳಿನ ಬಾಕ್ಸಿಗೆ ಕಿವಿ ಕೊಟ್ಟಳು.

ಡೊಳ್ಳೂ ಇತ್ತು. ಕೊರಳೂ ಇತ್ತು.

ಆಚೆ ಬಾಕ್ಸಿಗೆ ಓಡಿದಳು. ಕೊರಳೂ ಇತ್ತು. ಡೊಳ್ಳೂ ಇತ್ತು!

ನಗು ಆರಿಹೋಯಿತು.

"ಚೆನ್ನಾಗೇ ಬತ್ತೈತಲ್ಲೇ, ಏನಾತು?" ಅಂದಳು ಕಾಳಕ್ಕ.

"ಎರಡು ಬಾಕ್ಸ್ ಕೊಟ್ಟು ಒಂದೇ ಮಾಡಿ ಹೋಗ್ಯಾನವ್ವ."

ಮರುದಿನ ಅಂಗಡಿ ಬಾಗಿಲು ತೆರೆಯುವ ಮೊದಲೇ ಅವಳು ಮೆಟ್ಟಿಲ ಮೇಲಿದ್ದಳು.

"ತಂತಿ ಒಂದುಗೂಡಿಸಿದ್ದು ನೀವೇನಾ?"

"ಹೂಂ... ಎರಡ್ರಲ್ಲೂ ಎಲ್ಲಾ ಬರ್ಲಿ ಅಂತ. ನೀವು ಎಲ್ಲಿ ಕುಂತ್ರೂ ಏನೂ ತಪ್ಪಬಾರ್ದು ಅಂತ..."

"ನನ್ನ ಕೇಳಿದ್ರಾ?"

ಅವನು ಬೀಗ ತೆಗೆಯಲು ಬಗ್ಗಿದ.

"ತಪ್ಪಿದ್ರೆ ತಪ್ಲಿ! ಎದ್ದು ಹೋಗಿ ಕೇಳ್ತೀನಿ. ಡೊಳ್ಳಿನ ತಾವ ಹೋಗ್ತೀನಿ, ಹಾಡೋಳ ತಾವ ಬತ್ತೀನಿ. ನನ್ನ ಕಾಲಿಗೇನಾಗೈತೆ? ಊರೋರೆಲ್ಲ ಬಾಯಾಗೆ ಹೇಳಿದ್ರು, ನಿಂಗೆ ಒಂದೇ ಸಾಕು ಅಂತ. ನೀವು ತಂತೀಲಿ ಹೇಳಿದ್ರಿ. ಅಷ್ಟೇ ವ್ಯತ್ಯಾಸ!"

ಅವನ ತುಟಿ ಅಲುಗಿತು, ಮಾತು ಹೊರಡಲಿಲ್ಲ. ಮಾತು ಬೇಕಾದಾಗ ಮೌನ! ನಿನ್ನೆ ಹಿತವೆನಿಸಿದ್ದ ಅದೇ ಮೌನ ಈಗ ಅವಳ ಮೈ ಉರಿಸಿತು. ಹಿಂದಿರುಗಿ ನೋಡದೆ ನಡೆದಳು.

ಅವತ್ತು ಮಧ್ಯಾಹ್ನ ಎಕ್ಸ್‌ಚೇಂಜಿನಲ್ಲಿ ಅವನ ಲೈನು ಬಂತು.

"ಹಿರಿಯೂರು ಎಕ್ಸ್‌ಚೇಂಜ್."

"ದಾವಣಗೆರೆಗೆ... ಒಂದು ಕಾಲ್..."

ಅದೇ ನಂಬರ್. ಅತ್ತ ಗಂಟೆ ಬಡಿಯುತ್ತಲೇ ಇತ್ತು.

"ಉತ್ತರ ಇಲ್ಲ," ಅಂದಳು ಒಣದನಿಯಲ್ಲಿ.

"ಗೊತ್ತು. ನಿಮ್ಮದಾದ್ರೂ ಉತ್ತರ ಬೇಕಿತ್ತು. ನಾಳೆ ಭಾನುವಾರ... ತಂತಿ ಬಿಡಿಸಾಕೆ ಬರ್ಲಾ? ನೀವು ಹೂಂ ಅಂದ್ರೆ ಮಾತ್ರ."

ಕೇಳಿದ! ಕೊನೆಗೂ ಕೇಳಿದ... ಅವಳ ಎದೆಯಲ್ಲಿ ಏನೋ ಸಡಿಲವಾಯಿತು. ದನಿಯನ್ನು ಮಾತ್ರ ಸಡಿಲ ಬಿಡಲಿಲ್ಲ.

"ಸ್ಕ್ರೂಡ್ರೈವರ್ ತನ್ರಿ. ಬಿಡಿಸೋಳು ನಾನು."

ಭಾನುವಾರ ಬಿಡಿಸಿದ್ದು ಅವಳೇ. ಅವನು ಟಾರ್ಚ್ ಹಿಡಿದ. ಒಂದು ತಂತಿ ಇತ್ತ, ಒಂದು ತಂತಿ ಅತ್ತ. ಕ್ಯಾಸೆಟ್ ಹಾಕಿದ್ದೇ ತಡ, ಡೊಳ್ಳು ಒಂದು ಮೂಲೆಗೆ ಹೋಗಿ ನಿಂತಿತು, ಕೊರಳು ಇನ್ನೊಂದು ಮೂಲೆಗೆ.

ಬೊಮ್ಮಕ್ಕ ನಡೆಯತೊಡಗಿದಳು. ನಡೆದಂತೆ ಡೊಳ್ಳು ಹಿಂದೆ ಸರಿದು ಕೊರಳು ಎದುರಾಗುತ್ತಿತ್ತು. ತಿರುಗಿದರೆ ಮತ್ತೆ ಡೊಳ್ಳು. ಅವಳು ನಡೆದಷ್ಟೂ ಹಾಡು ಅವಳ ಸುತ್ತ ಹೊಸದಾಗಿ ಬಿಚ್ಚಿಕೊಳ್ಳುತ್ತಿತ್ತು.

"ನೋಡಿದ್ರಾ? ನನ್ನ ಸ್ಟೀರಿಯೋ ಹಿಂಗೆ! ಬರ್ರಿ."

ಚಿತ್ರಲಿಂಗಪ್ಪ ಎಡಗಿವಿಗೆ ಅಂಗೈ ಒತ್ತಿಕೊಂಡು ಅವಳ ಹಿಂದೆ ಹೆಜ್ಜೆ ಹಾಕಿದ.

ಅವಳು ಥಟ್ಟನೆ ನಿಂತಳು. "ಕಿವಿ ಯಾಕೆ ಮುಚ್ಕಂಡ್ರಿ?"

"ನಿಮ್ಮಂಗೆ ಕೇಳಾನ ಅಂತ..."

"ತೆಗೀರಿ ಕೈನ! ನಿಮಗೆ ಎರಡು ಅವೆ, ಎರಡ್ರಲ್ಲೂ ಕೇಳ್ರಿ. ನನ್ನ ಸಲುವಾಗಿ ಯಾರೂ ಕಿವುಡಾಗೋದು ಬ್ಯಾಡ."

ಅವನು ಕೈ ಇಳಿಸಿದ. ನಕ್ಕ. ಅವಳು ಅವನ ನಗೆ ಕಂಡದ್ದು ಅದೇ ಮೊದಲು. ಅಡುಗೆಮನೆಯಲ್ಲಿ ಕಾಳಕ್ಕ ಬೇಕೆಂದೇ ಪಾತ್ರೆ ಸದ್ದು ಮಾಡಿದಳು.

ಹಾಡು ಮುಗಿಯಿತು. ಟೇಪು ಸುಮ್ಮನೆ ಸುತ್ತುತ್ತಿತ್ತು.

"ಒಂದು ಕೇಳ್ಲಾ?" ಅಂದ.

"ಕೇಳ್ರಿ. ಕೇಳೋದು ಈಗ ಕಲ್ತೀರಲ್ಲ."

"ನಾನು... ನಿಮ್ಮ ಯಾವ ಕಡೆ ನಿಂತ್ಕಳ್ಲಿ?"

ಇಷ್ಟು ವರ್ಷ ಯಾರೂ ಕೇಳಿರದ ಪ್ರಶ್ನೆ. ಬಲಗಡೆ ಎಂದು ಬಾಯಿಗೆ ಬಂದದ್ದನ್ನು ನುಂಗಿದಳು.

"ಎಡಗಡೆ. ಹೆದ್ದಾರೀಲಿ ಆ ಕಡೆಯಿಂದ ಲಾರಿ ಬಂದ್ರೆ ನಂಗೆ ಗೊತ್ತಾಗಲ್ಲ."

"ಮಾತಾಡ್ಬೇಕಂದ್ರೆ?"

"ಬಲಗಡೆ ಬಂದು ಮಾತಾಡಿ ಮತ್ತೆ ಹೋಗ್ರಿ."

"ದಿನಾ?"

"ದಿನಾ! ನಡ್ಯಾಕೆ ಬ್ಯಾಸರಾದ್ರೆ ಈಗ್ಲೇ ಹೇಳ್ರಿ."

"ಬ್ಯಾಸರಿಲ್ಲ," ಅಂದ, ಅವಳ ಬಲಗಡೆಗೆ ಬಂದು. ಆಮೇಲೆ ಸುತ್ತಿಕೊಂಡು ಎಡಗಡೆಗೆ ಹೋಗಿ ನಿಂತ.

"ಹಂಗಾರೆ ನಿಜ ಹೇಳ್ರಿ, ಆ ದಾವಣಗೆರೆ ನಂಬರ್ ಯಾರ್ದು? ಒಂದು ಸಲನಾದ್ರೂ ಎತ್ತಬಾರ್ದಾ?"

"ಸ್ಪೀಕರಿನ ಸಾಮಾನು ಮಾರೋರ್ದು," ಅಂದ ಅವನು.

ಅವರ ಮದುವೆಯಾಯಿತು. ಕಪಾಟಿನ ಮೇಲೆ ಎರಡೂ ಬಾಕ್ಸುಗಳು ಕಂಬಳಿಯ ಮೇಲೆಯೇ ಕೂತಿದ್ದವು. ದಾವಣಗೆರೆಯ ಆ ಅಂಗಡಿ ಅವನು ಮೊದಲ ಟ್ರಂಕ್ ಕಾಲ್ ಬುಕ್ ಮಾಡುವ ಮುಂಚೆಯೇ ಮುಚ್ಚಿಹೋಗಿತ್ತು, ತಾನು ಮತ್ತೆ ಮತ್ತೆ ಕಾಲ್ ಬುಕ್ ಮಾಡಿದ್ದು ಅವಳ ದನಿ ಕೇಳಲಿಕ್ಕೇ ಎಂದು ಮಾತ್ರ ಚಿತ್ರಲಿಂಗಪ್ಪ ಅವಳಿಗೆ ಎಂದೂ ಹೇಳಲಿಲ್ಲ.