ರಕ್ತ ತೆಗೆಯಲು ಬಂದವನು

"ಮುಟ್ಟಬೇಡಿ!"

ಹುಲ್ಕರ್ ಕೂಗಿದ ರಭಸಕ್ಕೆ ಉಜ್ಬೇಕಿಸ್ತಾನದ ಮರ್ಗಿಲಾನ್ ಊರಿನ ಆ ನೇಯ್ಗೆಮನೆಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು.

ನೂಲು ಕತ್ತರಿಸುವ ಬ್ಲೇಡು ಜಾರಿ ಅವಳ ಹೆಬ್ಬೆರಳು ಸೀಳಿತ್ತು. ರೇಷ್ಮೆಯ ಮೇಲೆ ರಕ್ತ ತೊಟ್ಟಿಕ್ಕುತ್ತಿತ್ತು. ಸಹಾಯಕ್ಕೆ ಓಡಿಬಂದ ಅಪರಿಚಿತ ಯುವಕ ಎರಡು ಹೆಜ್ಜೆ ದೂರದಲ್ಲೇ ನಿಂತ.

"ನನ್ನ ರಕ್ತದಲ್ಲಿ ಹೆಪಟೈಟಿಸ್ ಬಿ ಇದೆ," ಅಂದಳು. ನಾಚಿಕೆಯಿಲ್ಲ, ದುಃಖವಿಲ್ಲ. ಯಾರಿಗೋ ವಿಳಾಸ ಹೇಳುವಂತೆ ಹೇಳಿದಳು.

ಅವನು ಹೆದರಲಿಲ್ಲ! ಚೀಲದಿಂದ ಗ್ಲೌಸ್ ತೆಗೆದು ಹಾಕಿಕೊಂಡ. ಗಾಯ ತೊಳೆದು ಪಟ್ಟಿ ಕಟ್ಟಿದ.

"ಹೇಳಿದ್ದು ಒಳ್ಳೇದಾಯ್ತು. ನಾನು ಎಲ್ಮುರಾದ್, ಆಸ್ಪತ್ರೆಯ ಲ್ಯಾಬಿನವನು. ಇವತ್ತು ಇಲ್ಲಿ ಎಲ್ಲರ ರಕ್ತ ತೆಗೆಯೋಕೆ ಬಂದಿರೋದೇ ಈ ಕಾಯಿಲೆ ಪರೀಕ್ಷೆಗೆ."

"ನಂದು ತೆಗೀಬೇಡಿ. ಇದೆ ಅಂತ ಗೊತ್ತಲ್ಲ."

"ಇದೆ ಅಂತ ಗೊತ್ತು. ಎಷ್ಟಿದೆ? ಲಿವರ್ ಹೇಗಿದೆ? ಅದು ಗೊತ್ತಾ?"

ಗೊತ್ತಿರಲಿಲ್ಲ. ಮೂರು ವರ್ಷದಿಂದ ಅವಳು ಏನನ್ನೂ ಕೇಳಿರಲಿಲ್ಲ.

ಅತ್ತಿಗೆಯ ಹೆರಿಗೆಗೆ ರಕ್ತ ಕೊಡಲು ಹೋದಾಗ ವಿಷಯ ಬಯಲಾಗಿತ್ತು. ಹುಲ್ಕರಳಿಗೆ ಸುಸ್ತಿರಲಿಲ್ಲ, ಜ್ವರವಿರಲಿಲ್ಲ, ಕಣ್ಣು ಹಳದಿಯಾಗಿರಲಿಲ್ಲ. ಅವಳು ಹದಿಮೂರರಲ್ಲಿದ್ದಾಗ ಹಳದಿ ಕಣ್ಣು, ಉಬ್ಬಿದ ಹೊಟ್ಟೆಯಲ್ಲಿ ತೀರಿಕೊಂಡಿದ್ದು ಅವಳಮ್ಮ. ಹೆರುವಾಗಲೇ ಅದು ಮಗಳಿಗೆ ದಾಟಿರಬೇಕು ಎಂದರು ಡಾಕ್ಟರು. ವಾರದೊಳಗೆ ನಿಶ್ಚಿತಾರ್ಥ ಮುರಿಯಿತು. ಅತ್ತಿಗೆ ಅವಳ ತಟ್ಟೆ ಬೇರೆ ಮಾಡಿದಳು. ಅವತ್ತಿನಿಂದ ಹುಲ್ಕರಳೊಳಗೆ ಏನೋ ಆರಿಹೋಗಿತ್ತು...

ಎಲ್ಮುರಾದ್ ಕಾದು ನಿಂತಿದ್ದ. ಅವಳು ತೋಳು ಚಾಚಿದಳು.

ಮುಂದಿನ ವಾರಗಳಲ್ಲಿ ಅವನು ಲಸಿಕೆ ಹಾಕಲು, ಬಿಟ್ಟುಹೋದವರ ರಕ್ತ ತೆಗೆಯಲು ಮತ್ತೆ ಮತ್ತೆ ಬಂದ. ಒಂದು ಮಧ್ಯಾಹ್ನ ಹಸಿರು ಚಹಾದ ಬಟ್ಟಲು ಕೈಯಿಂದ ಕೈಗೆ ಸಾಗುತ್ತಿತ್ತು. ಹುಲ್ಕರಳನ್ನು ದಾಟಿ ಮುಂದೆ ಹೋಯಿತು, ದಿನದಂತೆ.

"ಮಸ್ತುರಾ ಖಾಲಾ, ಒಬ್ಬರನ್ನ ಬಿಟ್ರಲ್ಲ?" ಎಂದ ಎಲ್ಮುರಾದ್.

"ಅಯ್ಯೋ ಗೊತ್ತಿಲ್ವೇನಪ್ಪ? ಅವಳ ಬಟ್ಟಲು ಬೇರೆ ಇದೆ," ಎಂದಳು ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಹಿರಿಯ ನೇಕಾರ್ತಿ ಮಸ್ತುರಾ.

ಅವನು ಬಟ್ಟಲು ಇಸಿದುಕೊಂಡು ಹುಲ್ಕರಳಿಗೆ ಕೊಟ್ಟ. ಅವಳು ಒಂದು ಗುಟುಕು ಕುಡಿದಳು. ಉಳಿದದ್ದನ್ನು ಅವನು ಕುಡಿದ!

"ರಕ್ತದಿಂದ ಬರುತ್ತೆ ಖಾಲಾ, ಗಂಡ ಹೆಂಡತಿ ಸಂಬಂಧದಿಂದ ಬರುತ್ತೆ, ಹೆರಿಗೇಲಿ ಬರುತ್ತೆ. ಚಹಾದಿಂದ ಬರಲ್ಲ. ಲಸಿಕೆ ಹಾಕಿಸ್ಕೊಂಡ್ರೆ ಹಾಗೂ ಬರಲ್ಲ, ನಾನು ಹಾಕಿಸ್ಕೊಂಡಿದ್ದೀನಿ."

"ಅಬ್ಬಾ! ಹುಡುಗ ಚಹಾ ಕುಡಿದ್ನೋ, ಹುಡುಗಿ ಮನಸ್ಸೇ ಕುಡಿದ್ನೋ!" ಖಾಲಾಳ ಮಾತಿಗೆ ಎಲ್ಲರೂ ನಕ್ಕರು. ಹುಲ್ಕರ್ ನಗಲಿಲ್ಲ. ಆದರೆ ಆ ದಿನ ಮೂರು ಸಲ ಎಳೆ ತಪ್ಪಿ ನೇಯ್ದಳು.

"ರಿಪೋರ್ಟ್ ನಾನೇ ತರ್ತೀನಿ, ಗುರುವಾರ," ಎಂದು ಹೋದವನು ಬರಲಿಲ್ಲ.

ರಿಪೋರ್ಟಿನ ಲಕೋಟೆ ತಂದವಳು ಒಬ್ಬ ನರ್ಸ್. ವೈರಸ್ ತೀರಾ ಕಡಿಮೆ, ಲಿವರ್ ಚೆನ್ನಾಗಿದೆ, ಆರು ತಿಂಗಳಿಗೊಮ್ಮೆ ಪರೀಕ್ಷೆ ಸಾಕು. ಹುಲ್ಕರ್ ಓದಿ ಮಡಚಿಟ್ಟಳು.

ಖಾಲಾ ಪಕ್ಕಕ್ಕೆ ಕರೆದಳು. "ಎಲ್ಮುರಾದ್ ಮನೇಲಿ ನಿನ್ನನ್ನ ಮದುವೆ ಆಗ್ತೀನಿ ಅಂದನಂತೆ ಕಣೇ. ಅವನಮ್ಮ ರಂಪ ಮಾಡಿದ್ದಾಳೆ. ಆ ಹುಡುಗಿ ಕೈ ಅಡುಗೆ ನನ್ನ ಮನೇಲಿ ಬೇಡ ಅಂದ್ಲಂತೆ..."

'ಇವನೂ ಅಷ್ಟೇ,' ಅಂದುಕೊಂಡಳು. ನೋವಾಗಬೇಕಿತ್ತು. ಆಗಲಿಲ್ಲ. ಮಗ್ಗಕ್ಕೆ ಹಿಂದಿರುಗಿದಳು. ಹೀಗೇ ಏಳು ವಾರ ನೇಯ್ದಳು.

ಎಂಟನೇ ವಾರ ಬಾಗಿಲಲ್ಲಿ ಬಿಳಿ ರುಮಾಲಿನ ಹೆಂಗಸೊಬ್ಬಳು ಬಂದು ನಿಂತಳು. ಹಿಂದೆ ಎಲ್ಮುರಾದ್. ತುಂಬಾ ಇಳಿದುಹೋಗಿದ್ದ.

"ಹುಲ್ಕರ್ ಯಾರು? ನಾನು ಸಬೋಹತ್, ಇವನ ತಾಯಿ."

ಹುಲ್ಕರ್ ಎದ್ದು ಎದೆಗೆ ಕೈಯಿಟ್ಟು ಬಾಗಿದಳು.

"ಮಗಳೇ, ಇವನ ಹಟಕ್ಕೆ ಮನೆಯವರೆಲ್ಲ ಪರೀಕ್ಷೆಗೆ ರಕ್ತ ಕೊಟ್ವಿ. ನಂದೊಂದರಲ್ಲೇ ಇತ್ತು, ನಿನಗಿರೋದೇ! ಎಲ್ಲಿಂದ ಬಂತೋ, ಎಷ್ಟು ವರ್ಷದಿಂದ ಇತ್ತೋ. ಲಿವರ್ ಆಗಲೇ ಹಾಳಾಗ್ತಿದೆಯಂತೆ. ಮೂವತ್ತು ವರ್ಷ ನನ್ನ ಕೈ ಅಡುಗೆ ತಿಂದವರಿಗೆ ಏನೂ ಆಗಿಲ್ಲ." ಆಕೆ ರುಮಾಲಿನ ಅಂಚು ಸರಿಪಡಿಸಿಕೊಂಡಳು. "ವಿಷಯ ತಿಳಿದ ದಿನ ದೊಡ್ಡ ಸೊಸೆ ಬಂದು ಮೊಮ್ಮಗನ್ನ ನನ್ನ ಮಡಿಲಿಂದ ಎತ್ಕೊಂಡ್ಲು. ಒಂದು ಮಾತೂ ಆಡಲಿಲ್ಲ... ಆಗ ನೀನು ನೆನಪಾದೆ. ಮೂರು ವರ್ಷ ಹೇಗೆ ತಡ್ಕೊಂಡೆ?"

"ತಡ್ಕೊಂಡಿಲ್ಲ ಅಮ್ಮ. ಮರಗಟ್ಟಿಹೋದೆ."

ಸಬೋಹತ್ ಅವಳ ಹಣೆಗೆ ಮುತ್ತಿಟ್ಟು, "ಕ್ಷಮಿಸು," ಎಂದಳು. ಖಾಲಾ ಆಕೆಯನ್ನು ಒಳಗೆ ಕರೆದೊಯ್ದಳು.

ಅಂಗಳದ ಹಿಪ್ಪುನೇರಳೆ ಮರದ ಕೆಳಗೆ ಇಬ್ಬರೇ ಉಳಿದರು.

"ಅಮ್ಮ ತಾಷ್ಕೆಂಟ್ ಆಸ್ಪತ್ರೇಲಿದ್ರು," ಎಂದ ಅವನು. "ಆದ್ರೂ ಒಂದು ಫೋನ್ ಮಾಡಬಹುದಿತ್ತು. ಅವರಾಡಿದ ಮಾತಿಗೆ ನಾಚಿಕೆಯಾಗಿ ಮಾಡಲಿಲ್ಲ. ತಪ್ಪು ನಂದೇ. ಹುಲ್ಕರ್... ನನ್ನನ್ನ ಮದುವೆ ಆಗ್ತೀರಾ?"

ಅವಳು ಹೆಬ್ಬೆರಳಿನ ಗಾಯದ ಗುರುತು ಸವರಿಕೊಂಡಳು.

"ಈಗ ಸಂತೋಷ ಆಗ್ಬೇಕು ಅಲ್ವಾ? ನನಗೆ ಏನೂ ಆಗ್ತಿಲ್ಲ ಎಲ್ಮುರಾದ್."

"ಆಗದಿದ್ರೆ ಪರವಾಗಿಲ್ಲ. ಅವಸರ ಇಲ್ಲ."

"ಮತ್ತೆ ಮಗು ಆದ್ರೆ? ಅದಕ್ಕೂ ನನ್ನಿಂದ..."

"ಹುಟ್ಟಿದ ದಿನವೇ ಲಸಿಕೆ ಹಾಕ್ತಾರೆ. ಬಸುರಿನಲ್ಲೂ ನಿಮ್ಮ ರಕ್ತ ನೋಡ್ತಿರ್ತಾರೆ. ಹಾಗೆ ಮಾಡಿದ್ರೆ ಹೆಚ್ಚಿನ ಮಕ್ಕಳಿಗೆ ದಾಟೋದೇ ಇಲ್ಲ."

"ಅಷ್ಟೇನಾ? ಒಂದು ಲಸಿಕೆ?" ಅವಳ ದನಿ ಒಡೆಯಿತು. "ನಮ್ಮಮ್ಮನಿಗೆ ಯಾರೂ ಹೇಳಲಿಲ್ವಲ್ಲ... ಪಾಪ, ಅವಳಿಗೆ ಗೊತ್ತೇ ಇರಲಿಲ್ಲ..."

ಕೆನ್ನೆ ಒದ್ದೆಯಾಯಿತು. ಅವಳು ಬೆರಳಿನಿಂದ ಮುಟ್ಟಿ ನೋಡಿಕೊಂಡಳು, ಬೇರೆ ಯಾರದೋ ಮುಖವೆಂಬಂತೆ.

"ನಾನು ಅಳ್ತಿದ್ದೀನಾ?"

"ಹೂಂ."

"ನಂದೂ ಹೂಂ," ಎಂದಳು ಹುಲ್ಕರ್, "ನೀವು ಕೇಳಿದ್ದಕ್ಕೆ."