ಮೂರರ ಜೊತೆ ಹದಿನಾಲ್ಕು

ಪುಸ್ತಕ ಕಟ್ಟುವ ಕೆಲಸ ನನಗೆ ಬರುವುದಿಲ್ಲ. ಆದರೂ ಪುಸ್ತಕ ಕಟ್ಟಿದವರ ಕತೆ ಹೇಳಲು ಹೊರಟಿದ್ದೇನೆ. ಕೆಲಸ ಬಲ್ಲವರು ಓದುವಾಗ ಎಲ್ಲಾದರೂ ತಪ್ಪು ಕಂಡರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಬೇಕು.

“ಇದನ್ನ ಯಾರು ಮಾಡಿದ್ದು?” ಎಂದು ಸ್ಕೇಲ್ ಕೇಳಿದಳು.

ಕೇಳುವ ಅಗತ್ಯವೇ ಇರಲಿಲ್ಲ. ಡ್ರಾಯಿಂಗ್ ಕ್ಲಾಸಿನ ಆ ಗೋಡೆಯಿಂದ ಈ ಗೋಡೆಗೆ ಕಟ್ಟಿದ ಹಗ್ಗದ ಮೇಲೆ ಎಂಟು ದೊಡ್ಡ ಹಾಳೆಗಳು ಒಣಗುತ್ತಿದ್ದವು. ಅದರಲ್ಲಿ ಒಂದು ಹಾಳೆಯ ಅರ್ಧ ಭಾಗ ಪೂರ್ತಿ ನೀಲಿ. ಆ ನೀಲಿ, ನಡುವಿನ ಹಗ್ಗವನ್ನು ದಾಟಿ, ಇನ್ನೊಂದು ಅರ್ಧಕ್ಕೂ ಮೂರು ಬೆರಳಿನಷ್ಟು ಇಳಿದಿತ್ತು. ಆ ಇನ್ನೊಂದು ಅರ್ಧ ಅವಳದು.

ಅವಳ ನಿಜವಾದ ಹೆಸರು ಬೇರೆ. ಬೆಂಚಿನ ಮೇಲೆ ನೀರಿನ ಬಾಟಲಿ ಇಟ್ಟರೂ ಅಂಚಿಗೆ ಸರಿಯಾಗಿ, ನೆಟ್ಟಗೆ ಇಡುತ್ತಿದ್ದಳು. ಅದಕ್ಕೇ ಎಲ್ಲರೂ ಸ್ಕೇಲ್ ಎನ್ನುತ್ತಿದ್ದರು. ನೀಲಿ ಅರ್ಧದ ಒಡೆಯನಿಗೆ ಮಸಿ ಎಂದು ಹೆಸರು. ಅವನು ಕೂತು ಎದ್ದ ಜಾಗದಲ್ಲೆಲ್ಲ ಇಂಕಿನ ಗುರುತು ಉಳಿಯುತ್ತಿತ್ತು.

ಹದಿನಾರು ಮಕ್ಕಳು ಸೇರಿ ಒಂದು ಪುಸ್ತಕ ಮಾಡುತ್ತಿದ್ದರು. ಒಬ್ಬೊಬ್ಬರಿಗೆ ಒಂದು ಪುಟ, ಅಂದರೆ ಅರ್ಧ ಹಾಳೆ. ಕಾಗದವೂ ಅವರೇ ಮಾಡಿದ್ದು. ಹಳೆಯ ಉತ್ತರಪತ್ರಿಕೆಗಳನ್ನು ಎರಡು ದಿನ ನೆನೆಹಾಕಿ, ಮಿಕ್ಸಿಯಲ್ಲಿ ರುಬ್ಬಿ, ಕಿಟಕಿಯ ಜಾಲರಿಯ ಮೇಲೆ ತೆಳ್ಳಗೆ ಹರಡಿ, ನೀರು ಬಸಿದು ಒಣಗಿಸಿದ್ದರು. ಅಲ್ಲಲ್ಲಿ ಕೆಂಪು ಚುಕ್ಕೆ ಉಳಿದುಕೊಂಡಿತ್ತು. ಅದು ತಿದ್ದಿದ ಪೆನ್ನಿನ ಇಂಕು. ಯಾವುದು ಯಾರ ತಪ್ಪು ಎಂದು ಮಕ್ಕಳು ಒಂದು ಪೀರಿಯಡ್ ಪೂರ್ತಿ ಹುಡುಕಿದ್ದರು.

ಚಿತ್ರ ಬರೆಯಬಾರದು, ಕಾಗದದ ಕೈಲೇ ಕೆಲಸ ಮಾಡಿಸಬೇಕು ಎಂದು ಡ್ರಾಯಿಂಗ್ ಟೀಚರ್ ಹೇಳಿದ್ದರು. ಒಬ್ಬಳು ಈರುಳ್ಳಿ ಸಿಪ್ಪೆ ಅಂಟಿಸಿದಳು. ಒಬ್ಬ ಮೇಣದಬತ್ತಿ ಉಜ್ಜಿ ಮೇಲೆ ಬಣ್ಣದ ನೀರು ಹಾಕಿದ. ಮಸಿ ತನ್ನ ಅರ್ಧವನ್ನು ಬೀಸಣಿಗೆಯ ಹಾಗೆ ಮಡಿಸಿ, ದಾರ ಕಟ್ಟಿ, ನೀಲಿ ನೀರಿನಲ್ಲಿ ಅದ್ದಿದ. ಬಿಚ್ಚಿದರೆ ಅಲೆಯ ಮೇಲೆ ಅಲೆ. ಸಮುದ್ರವಾ ಎಂದು ಕೇಳಿದ್ದಕ್ಕೆ, ಅಲ್ಲ, ನಮ್ಮನೆ ಬಾತ್‌ರೂಮಿನ ಬಕೆಟ್ ಎಂದಿದ್ದ.

ಸ್ಕೇಲ್ ಸೂಜಿ ಹಿಡಿದಿದ್ದಳು. ಅವಳ ಪುಟವನ್ನು ಸುಮ್ಮನೆ ನೋಡಿದರೆ ಏನೂ ಕಾಣುವುದಿಲ್ಲ. ಬೆಳಕಿಗೆ ಹಿಡಿದರೆ ಇಡೀ ಬೀದಿ ಹೊತ್ತಿಕೊಳ್ಳುತ್ತದೆ: ಪ್ರತಿ ಮನೆ, ಪ್ರತಿ ಕಿಟಕಿ. ಒಟ್ಟು ನಾನೂರ ಹನ್ನೆರಡು ತೂತು. ತುದಿಯ ಮನೆ ಅವಳದು. ಈಗ ಆ ಮನೆ ನೀಲಿಯಲ್ಲಿ ಮುಳುಗಿತ್ತು.

“ನನ್ನ ಪುಟದ ಮೇಲೆಲ್ಲ ಕಲೆ ಮಾಡಿಟ್ಟಿದೀಯ” ಎಂದಳು.

ಮಸಿ ತಲೆ ಕೆರೆದುಕೊಂಡ. “ಪ್ರತಿ ಪುಟದಲ್ಲೂ ಕಲೆ ಇರ್ಬೇಕು ಅಂತ ಟೀಚರೇ ಹೇಳಿದ್ರಲ್ಲ.”

ಕ್ಲಾಸೆಲ್ಲ ನಕ್ಕಿತು. ಮಸಿಯೂ ನಗಲು ಹೋಗಿ, ಅವಳ ಮುಖ ನೋಡಿ ನಿಲ್ಲಿಸಿದ. ಅಷ್ಟರಲ್ಲಿ ಅವಳ ಕಿವಿ ಕೆಂಪಾಗಿತ್ತು.

ಆ ಸಂಜೆ ಮನೆಯಲ್ಲಿ ಅವಳು ಅಳತೆ ಮಾಡಿ ಒಂದು ಬಿಳಿ ಡ್ರಾಯಿಂಗ್ ಶೀಟ್ ಕತ್ತರಿಸಿಕೊಂಡು, ನಾನೂರ ಹನ್ನೆರಡು ತೂತನ್ನೂ ಮತ್ತೆ ಚುಚ್ಚಿದಳು. ಒಂದು ಕಲೆಯಿಲ್ಲ, ಒಂದು ಕೆಂಪು ಚುಕ್ಕೆಯಿಲ್ಲ. ಊಟಕ್ಕೆ ಕರೆದ ಅಮ್ಮ, ಬೆರಳಿನ ತುದಿ ನೋಡಿ, ಇದೇನು ಜರಡಿ ಆಗಿದೆ ಎಂದಳು.

ಮರುದಿನ ಶಾಲೆ ಬಿಟ್ಟ ಮೇಲೆ ಟೀಚರ್ ಎಂಟು ಹಾಳೆಗಳನ್ನೂ ಎರಡು ರಟ್ಟುಗಳ ನಡುವೆ ಕಟ್ಟಿ ಸ್ಕೇಲ್ ಕೈಗೇ ಕೊಟ್ಟರು. ಅವಳ ಅತ್ತೆ ಬೈಂಡಿಂಗ್ ಕೆಲಸದವಳು. ಪುಸ್ತಕ ಹೊಲಿದುಕೊಡಲು ಒಪ್ಪಿದ್ದಳು. ಮೆಟ್ಟಿಲಿಳಿಯುವಾಗ ಮಸಿ ಹಿಂದಿನಿಂದ ಬಂದು, ಶನಿವಾರ ಪುಸ್ತಕ ನೋಡೋದಕ್ಕೆ ತನ್ನ ಅಜ್ಜಿ ಬರುತ್ತಾರೆ, ಅವರು ಶಾಲೆಗೆ ಬರೋದು ಇದೇ ಮೊದಲು ಎಂದು ಹೇಳಿದ. ಇನ್ನೂ ಏನೋ ಹೇಳುವವನಿದ್ದ. ಅವಳು ಕೇಳಿಸದವಳ ಹಾಗೆ ನಡೆದುಬಿಟ್ಟಳು.

ಅತ್ತೆಯ ಬೈಂಡಿಂಗ್ ರೂಮು ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮಹಡಿಯ ಮೇಲಿತ್ತು. ಗೋಡೆಗೆ ಒರಗಿಸಿದ ರಟ್ಟಿನ ರಾಶಿ, ಡಬ್ಬಿಯಲ್ಲಿ ಅಂಟು, ಮೊಳೆಗೆ ನೇತುಹಾಕಿದ ದಾರದ ಲಡಿಗಳು. ಅತ್ತೆ ಅತ್ತ ತಿರುಗಿ ಕಟಿಂಗ್ ಮಿಶನ್ನಿನಲ್ಲಿ ನೋಟ್‌ಬುಕ್ಕುಗಳ ಅಂಚು ಕತ್ತರಿಸುತ್ತಿದ್ದಳು. ಹತ್ತು ನಿಮಿಷ ಕೂತಿರು ಎಂದಳು.

ಹತ್ತು ನಿಮಿಷ ಧಾರಾಳವಾಗಿ ಸಾಕಿತ್ತು. ಸ್ಕೇಲ್ ಕಟ್ಟು ಬಿಚ್ಚಿ, ನೀಲಿಯ ಹಾಳೆಯನ್ನು ಎಳೆದುಕೊಂಡಳು. ಅವಳ ಅರ್ಧದ ಮೂಲೆಯಲ್ಲಿ ಟೀಚರ್ ಬರೆದ ಮೂರು, ಮಸಿಯ ಅರ್ಧದ ಮೂಲೆಯಲ್ಲಿ ಹದಿನಾಲ್ಕು. ಮೂರಕ್ಕೂ ಹದಿನಾಲ್ಕಕ್ಕೂ ನಡುವೆ ಹತ್ತು ಪುಟ ಬರುತ್ತದೆ. ಅಂದಮೇಲೆ ಹೇಗೂ ಕತ್ತರಿಸಿ ಬೇರೆ ಮಾಡಲೇಬೇಕು. ಅತ್ತೆ ಮಾಡುವ ಕೆಲಸವನ್ನೇ ತಾನು ಮಾಡಿದರೆ ತಪ್ಪೇನು? ಟೀಚರ್ ಒಂದು ದಿನ ಹಾಳೆ ಮಡಿಸುವ ವಿಷಯ ಏನೋ ಹೇಳಿದ್ದರು ನಿಜ. ಆಗ ಅವಳು ಮುನ್ನೂರನೆಯ ತೂತು ಎಣಿಸುತ್ತಿದ್ದಳು.

ಮಧ್ಯಕ್ಕೆ ಅಡಿಪಟ್ಟಿ ಇಟ್ಟು, ಬ್ಲೇಡಿನಲ್ಲಿ ಒಂದೇ ಸಲ ಎಳೆದಳು. ಕಲೆಯಾದ ಪುಟ ಬ್ಯಾಗಿನೊಳಗೆ ಹೋಯಿತು. ಬಿಳಿ ಪುಟ ಅದರ ಜಾಗಕ್ಕೆ ಬಂತು.

ಅತ್ತೆ ಕೈ ಒರೆಸಿಕೊಂಡು ಬಂದು, ಒಂದೊಂದೇ ಹಾಳೆಯನ್ನು ನಡುವೆ ಮಡಿಸಿ, ಮರದ ಪಟ್ಟಿಯಿಂದ ಒತ್ತತೊಡಗಿದಳು. ಮಡಿಸಿದ್ದನ್ನು ಒಂದರೊಳಗೆ ಒಂದು ಸೇರಿಸುತ್ತಿದ್ದಳು. ಸ್ಕೇಲ್ ನೋಡುತ್ತಿದ್ದಳು. ಎಲ್ಲಕ್ಕಿಂತ ಹೊರಗಿನ ಹಾಳೆಯಲ್ಲಿ ಒಂದು ಮತ್ತು ಹದಿನಾರು. ಅದರೊಳಗೆ ಎರಡು ಮತ್ತು ಹದಿನೈದು. ಮುಂದೆ ಬರಬೇಕಾದದ್ದು ಮೂರು ಮತ್ತು ಹದಿನಾಲ್ಕು.

ಅತ್ತೆಯ ಕೈ ನಿಂತಿತು. “ಇದೇನು, ಇಲ್ಲಿ ಎರಡು ಬಿಡಿ ಹಾಳೆ?”

“ಕತ್ತರಿಸಿದೆ.”

“ಯಾಕೆ?”

“ಕತ್ತರಿಸ್ತಾರಲ್ವಾ ಅತ್ತೆ? ಮೂರು ಎಲ್ಲಿ, ಹದಿನಾಲ್ಕು ಎಲ್ಲಿ.”

ಅತ್ತೆ ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತಳು. “ದಾರ ಹಿಡ್ಕೊಳ್ಳೋದು ಮಡಿಕೇನ, ಮರಿ. ಬಿಡಿ ಹಾಳೆಗೆ ಬೆನ್ನೇ ಇಲ್ಲ. ಹೊಲಿದ್ರೂ ನಾಳೆ ಉದುರುತ್ತೆ. ನಿಂದೂ ಉದುರುತ್ತೆ, ಈ ಹದಿನಾಲ್ಕೂ ಉದುರುತ್ತೆ.”

ಹದಿನಾಲ್ಕು ಮೇಜಿನ ಮೇಲೆ ಒಂಟಿಯಾಗಿ ಬಿದ್ದಿತ್ತು. ಶನಿವಾರಕ್ಕೆ ಒಂದೇ ದಿನ ಬಾಕಿ. ಹೊಸ ಕಾಗದ ಮಾಡಿದರೆ ಒಣಗಲು ಮೂರು ದಿನ ಬೇಕು. ಮಸಿಯ ಅಜ್ಜಿ ಕನ್ನಡಕ ಹಾಕಿಕೊಂಡು ಹದಿಮೂರನೆಯ ಪುಟ ತಿರುವಿದರೆ ಹದಿನೈದು ಬರುವುದು ಅವಳ ಕಣ್ಣಿಗೆ ಕಟ್ಟಿತು. ಬ್ಯಾಗಿನಿಂದ ಹಳೆಯ ಪುಟ ತೆಗೆದು, ನಡೆದದ್ದನ್ನೆಲ್ಲ ಹೇಳಿದಳು. ಕಲೆಯ ಜೋಕಿಗೆ ಕ್ಲಾಸು ನಕ್ಕಿದ್ದನ್ನೂ ಹೇಳಿದಳು. ಆ ಜೋಕಿಗೆ ಅತ್ತೆಯ ತುಟಿಯೂ ಸ್ವಲ್ಪ ಅಲುಗಿತು. ಆದರೆ ತಡೆದುಕೊಂಡಳು.

ಅತ್ತೆ ತೆಳ್ಳನೆಯ ಕಾಗದದ ಒಂದು ಉದ್ದ ಪಟ್ಟಿ ಹರಿದಳು. ಎರಡು ಹಾಳೆ ಅಕ್ಕಪಕ್ಕ ಇಟ್ಟು ಇದನ್ನ ಅಂಟಿಸಿದರೆ ಮತ್ತೆ ಬೆನ್ನು ಬರುತ್ತದೆ, ಹದಿನಾಲ್ಕರ ಜೊತೆಗೆ ಯಾವುದನ್ನು ಬೇಕಾದರೂ ಕೂಡಿಸಬಹುದು, ಬಿಳಿಯದಾದರೂ ಸರಿ, ಹಳೆಯದಾದರೂ ಸರಿ ಎಂದಳು. “ನಿನ್ನ ಪುಟ. ನೀನೇ ಹೇಳು.”

ಸ್ಕೇಲ್ ಮೊದಲು ಬಿಳಿಯದನ್ನು ಇಟ್ಟು ನೋಡಿದಳು. ಮಸಿಯ ಅಲೆಗಳು ಅಂಚಿನವರೆಗೆ ಬಂದು, ಮುಖದ ಮೇಲೆ ಬಾಗಿಲು ಹಾಕಿದ ಹಾಗೆ ನಿಂತುಬಿಟ್ಟವು. ಅದನ್ನು ತೆಗೆದು ಹಳೆಯದನ್ನು ಇಟ್ಟಳು. ಕೂದಲೆಳೆಯಷ್ಟು ಮೇಲೆ ಸರಿಸಿದಳು. ಪ್ರತಿ ಅಲೆಯೂ ಗಾಯವನ್ನು ದಾಟಿ ಅವಳ ಬೀದಿಯೊಳಗೆ ಬಂತು. ನೀಲಿ ಎಲ್ಲಿಂದಲೂ ಹಾರಿ ಬಂದಿರಲಿಲ್ಲ. ಹಾಳೆ ಇದ್ದಷ್ಟು ದೂರ ನಡೆದುಕೊಂಡು ಬಂದಿತ್ತು, ಅಷ್ಟೆ.

ಆದರೂ ಆ ನೀಲಿ ಅವಳಿಗೆ ಇಷ್ಟವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ತನ್ನ ಮನೆಯ ಕಿಟಕಿ ನೋಡಿ ಈಗಲೂ ಸ್ವಲ್ಪ ಸಿಟ್ಟು ಬಂತು.

“ಇದೇ ಇರ್ಲಿ” ಎಂದಳು.

“ಅಲ್ಲಾಡಿಸ್ದೆ ಹಿಡ್ಕೋ ಹಾಗಾದ್ರೆ.”

“ಪಟ್ಟಿ ಕಾಣ್ಸುತ್ತಾ ಅತ್ತೆ?”

“ಕಾಣ್ದೆ ಏನು. ಕತ್ತರಿಸಿದ್ದು ಕಾಣುತ್ತೆ.”

ಅಂಟು ಒಣಗುವವರೆಗೆ ಸ್ಕೇಲ್ ಎರಡು ಹಾಳೆಗಳನ್ನೂ ಒತ್ತಿ ಹಿಡಿದಳು. ಆಮೇಲೆ ಅತ್ತೆ ದಾರಕ್ಕೆ ಮೇಣ ಉಜ್ಜಿ, ಸೂಜಿಯನ್ನು ಅವಳಿಗೇ ಕೊಟ್ಟಳು. ತೂತು ಚುಚ್ಚುವುದರಲ್ಲಿ ನೀನು ನನಗಿಂತ ಎಕ್ಸ್‌ಪರ್ಟು ಎಂದಳು. ಐದು ತೂತು, ಒಂದೇ ದಾರ. ಎಂಟು ಹಾಳೆಗಳ ಬೆನ್ನನ್ನು ಒಟ್ಟಿಗೆ ಎಳೆದು ಗಂಟು ಹಾಕಿದಾಗ ಸ್ಕೇಲ್ ಗಂಟನ್ನು ಎರಡೆರಡು ಸಲ ಜಗ್ಗಿ ನೋಡಿದಳು.

ಶನಿವಾರ ಪುಸ್ತಕವನ್ನು ಕಿಟಕಿಯ ಪಕ್ಕದ ಮೇಜಿನ ಮೇಲೆ ಇಟ್ಟಿದ್ದರು. ಮಸಿಯ ಅಜ್ಜಿ ಎಲ್ಲರಿಗಿಂತ ಮೊದಲು ಬಂದು, “ಎಲ್ಲೋ ನಿನ್ನ ಬಕೆಟ್ಟು?” ಎಂದರು. ಹದಿನಾಲ್ಕು ಅದರ ಜಾಗದಲ್ಲೇ ಇತ್ತು. ಅಜ್ಜಿ ಅದನ್ನು ನಿಧಾನವಾಗಿ ಸವರಿ, ಬಕೆಟ್ ತುಂಬಿ ಚೆಲ್ಲಿದೆ ಎಂದು ನಕ್ಕು, ಟೀಚರನ್ನು ಮಾತಾಡಿಸಲು ಹೋದರು.

ಮಸಿ ಹಿಂದಕ್ಕೆ ತಿರುವಿ ಮೂರನೆಯ ಪುಟ ತೆಗೆದ.

“ನಾನು ಬೇಕಂತ ಮಾಡ್ಲಿಲ್ಲ ಕಣೇ. ಮೊನ್ನೆ ಮೆಟ್ಲಲ್ಲಿ ಅದೇ ಹೇಳಕ್ಕೆ ಬಂದೆ.”

“ಗೊತ್ತು. ಒಂದೇ ಹಾಳೆ.” ಸ್ಕೇಲ್ ಪುಸ್ತಕವನ್ನು ಇನ್ನಷ್ಟು ಅಗಲಿಸಿದಳು. “ನಾನೂ ಒಂದು ಮಾಡಿದೀನಿ. ಆದ್ರೆ ನಾನು ಬೇಕಂತಲೇ ಮಾಡಿದ್ದು.”

ಅವನ ಬೆರಳು ಹಿಡಿದು ಮಡಿಕೆಯ ಒಳಗಿನ ಪಟ್ಟಿಯ ಮೇಲೆ ಇಟ್ಟಳು. ಅವನು ಮೇಲಿನಿಂದ ಕೆಳಗಿನವರೆಗೆ ಮುಟ್ಟಿ ನೋಡಿದ. ಬೆರಳು ಹೋದ ಕಡೆಯೆಲ್ಲ ಸಣ್ಣಗೆ ಇಂಕು ಅಂಟಿತು. ಅವಳು ಒರೆಸಲು ಹೋಗಲಿಲ್ಲ.

“ಇದೇನು, ಬ್ಯಾಂಡೇಜಾ?”

“ಹೂಂ.”

ಮಸಿ ಪುಟವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಮನೆಗಳನ್ನು ಎಣಿಸತೊಡಗಿದ. ತುದಿಯ ಮನೆಯವರೆಗೂ ಎಣಿಸಿದ. ಆ ಬ್ಯಾಂಡೇಜು ಯಾಕೆ ಬಂತೆಂದು ಅವನಿಗೆ ಅರ್ಥವಾಗಿರಲಿಲ್ಲವೋ, ಅರ್ಥವಾಗಿಯೂ ಸುಮ್ಮನಿದ್ದನೋ, ನನಗೆ ಗೊತ್ತಿಲ್ಲ.